ಇರುವುದರ ಪಟ್ಟಿ

ಪುಂಟಾ ಅರೇನಾಸ್ ಬಂದರು ಕಚೇರಿ. ಜೂನ್, ಐದಕ್ಕೇ ಕತ್ತಲು.
ಗಾಳಿ ಮಾಡಿನ ತಗಡು ತಡಕುತ್ತಿದೆ.
ಎಲೆಯೂತೇರಿಯೋ ನಿವೃತ್ತನಾಗಿ ಹನ್ನೊಂದು ದಿನ,
ಅವನ ಯಂತ್ರ ಈಗ ಯಾಸ್ನಾಳ ಪಾಲು.
ಒಳಗೆ ಏನೇನಿದೆ, ಪಟ್ಟಿ ಕೊಡು ಅಂದಿದ್ದಾರೆ ಮೇಲಿನವರು.

ಡಿಪಿಕೆಜಿ, ಒಂದು ಅಡ್ಡಗೆರೆ, ಎಲ್.
ಸುರಿಯಿತು ಸುರಿಯಿತು
ಸಾವಿರದೆಂಟುನೂರು ಚಿಲ್ಲರೆ ಹೆಸರು.
ಹೆಚ್ಚಿನವು ಯಾರೂ ಕರೆಯದೇ ಬಂದವು,
ಬೀಗರ ಬೆನ್ನಿಗೆ ಬಂದ ಬೀಗರ ನೆಂಟರು:
ಇದು ಉಣ್ಣಲು ಅದು ಬೇಕು, ಅದು ಏಳಲು ಇನ್ನೊಂದು.
ಅವನೇ ಕೈಯಾರೆ ತಂದದ್ದು ನಲವತ್ತು ದಾಟದು:
ಉಬ್ಬರವಿಳಿತದ ಲೆಕ್ಕ, ನಕ್ಷೆ,
ಆಡುವುದೇ ಇಲ್ಲ ಎಂದು ಆಣೆಯಿಟ್ಟಿದ್ದ ಚದುರಂಗ.

ಸಾಲು ಸಾಲಿನ ತಲೆಗೂ ಐ ಐ. ಬೇಕೆಂದರು, ಇದೆ.
ಒಂದರ ತಲೆಗೆ ಮಾತ್ರ ಆರ್ ಸಿ:
ತೆಗೆದಾಗಿದೆ, ಹೊಂದಿಸಿಕೊಂಡದ್ದು ಹೋಗಿಲ್ಲ.
ಅಕಾರ್ಡಿಯನ್ ಶ್ರುತಿ ನೋಡುವ ಪುಟ್ಟ ಪ್ಯಾಕೇಜು.
ಎಲೆಯೂತೇರಿಯೋ? ಅಕಾರ್ಡಿಯನ್?
ಕಡತ ತೆರೆದಳು, ನಾಲ್ಕೇ ಸಾಲು.
ಆಧಾರ ಸ್ವರ ನಾನೂರ ನಲವತ್ತೆರಡು.
ಮೈಕು ಕಿಟಕಿ ಪಕ್ಕದ್ದು.
ಕೆಳಗೆ ತನಗೇ ಬರೆದುಕೊಂಡ ಟಿಪ್ಪಣಿ:
ಕಾವಲಿನ ನಹುಯೆಲ್ ಊಟಕ್ಕೆ ಹೋದ ಮೇಲೆ.

ಕೇಳಿದ್ದು ಇರುವುದರ ಪಟ್ಟಿ. ಇದು ಇಲ್ಲದ್ದು.
ಬಿಟ್ಟಳು.
ಎದ್ದು, ಜಾಕೆಟು ತೆಗೆದುಕೊಂಡಳು
ಕಿಟಕಿ ಪಕ್ಕದ ಮೊಳೆಯಿಂದ.
ಜಾಕೆಟಿಗೆಂದು ಹೊಡೆದದ್ದಲ್ಲ ಅದು.