ತೊಂಬತ್ತೊಂದು ಸೆಕೆಂಡು

ಹನ್ನೊಂದು ಗಂಟೆಯ ಆಟವನ್ನು
ನಲವತ್ತೆರಡು ನಿಮಿಷಕ್ಕೆ ಇಳಿಸುವವಳು ನಾನು.
ಕಾರ್ಡಿಫ್ ಬಂದರಿನ ಹಳೇ ಉಗ್ರಾಣ,
ಕಿಟಕಿಯಿಲ್ಲದ ಕೋಣೆ, ಎರಡು ಪರದೆ,
ಆರಿದ ಚಹಾ.

ಪೋಕರ್ ಅಂದರೆ ಏನೆಂದುಕೊಂಡಿರಿ?
ಬಹುಪಾಲು ಎಸೆಯುವುದು.
ಎಲೆಯ ಮೂಲೆ ಎತ್ತಿ ಇಣುಕಿ
ಎಸೆಯುವುದು. ಮೂಗು ತುರಿಸುವುದು. ಮತ್ತೆ ಎಸೆಯುವುದು.
ಒಬ್ಬ ಬಾಳೆಹಣ್ಣು ಸುಲಿಯುತ್ತಾನೆ.
ಇನ್ನೊಬ್ಬ ಬಿಲ್ಲೆಗಳ ಗೋಪುರ ಕಟ್ಟಿ
ಕೆಡವಿ ಕಟ್ಟಿ
ಕಟಕಟ ಕಟಕಟ,
ನನ್ನ ನಿದ್ದೆಯಲ್ಲೂ ಅದೇ ಸದ್ದು.

ಇದನ್ನೆಲ್ಲ ಕತ್ತರಿಸು, ಅನ್ನುತ್ತಾನೆ ಪಿಕರಿಂಗ್,
ಕಾರ್ಯಕ್ರಮದ ಯಜಮಾನ, ದಿನಕ್ಕೊಂದು ಉಪಾಯ ಹೆರುವವ.
ಮೇಜಿನಂಚಿಗೆ ಗಾಜು ಕೂರಿಸಿದ್ದೂ ಅವನೇ; ಅದು ಸರಿಯೇ.
ಗಾಜಿನಡಿಯ ಕಣ್ಣಿಂದ, ಮನೆಯಲ್ಲಿ ಕೂತವರಿಗೆ
ಎಲ್ಲರ ಎಲೆಯೂ ಗೊತ್ತು,
ಆಡುವವರಿಗೆ ಮಾತ್ರ ಗೊತ್ತಿಲ್ಲ.
ಆಮೇಲೆ ಶೇಕಡಾವಾರು ಬಂತು, ಹಳದಿ ಅಂಕಿ.
ಆಮೇಲೆ ಎದೆಬಡಿತ ಅಳೆಯುವ ಪಟ್ಟಿ.
ನಾಲ್ಕನೇ ಕುರ್ಚಿಯವನದು ಏರಲೇ ಇಲ್ಲ,
ಕೆಟ್ಟಿದೆಯೆಂದು ಬೇರೆ ಪಟ್ಟಿ ಕಟ್ಟಿದೆವು,
ಆಗಲೂ ಏರಲಿಲ್ಲ.
ಆಮೇಲೆ ನಗಾರಿ. ದೊಡ್ಡ ಪಣಕ್ಕೆ ದೊಡ್ಡ ನಗಾರಿ.
ನಾಳೆ ಹೊಗೆ ಬಿಡೋಣ ಅನ್ನುತ್ತಿದ್ದಾನೆ.

ಆ ಕಂತಿನಲ್ಲಿ ಐಡ್ವಾಲ್ ಪ್ರೊಸರ್ ಇದ್ದ.
ನಲವತ್ತು ವರ್ಷ ಹಡಗಿನ ಹೊಟ್ಟೆಗೆ ಬೆಸುಗೆ ಹಾಕಿದವನು,
ಕೈತುಂಬ ಸುಟ್ಟ ಚುಕ್ಕಿ.
ಅವನಿಗೆ ಎರಡು ರಾಣಿ ಬಂದಿದ್ದವು,
ಇಸ್ಪೀಟಿನದೊಂದು, ಆಟೀನಿನದೊಂದು.
ಎದುರಿಗೆ ಬೆಲ್‌ಫಾಸ್ಟಿನ ಓರ್ಲಾ ಡೆವ್ಲಿನ್,
ಹಲ್ಲಿನ ಡಾಕ್ಟರಂತೆ, ಬಲು ಮೆಲುಮಾತಿನವಳು.
ಅವಳಲ್ಲಿ ಏಳು, ಎರಡು. ಬಣ್ಣವೂ ಕೂಡದ ಎಲೆ,
ಭಿಕ್ಷೆಗೂ ಹಾಕಲಾರದಂಥದ್ದು.
ಇದ್ದಬದ್ದ ಬಿಲ್ಲೆಯನ್ನೆಲ್ಲ ಅವಳು
ಉಂಡ ತಟ್ಟೆ ಸರಿಸುವ ಹಾಗೆ
ನಡುವಿಗೆ ಸರಿಸಿದಳು.

ಐಡ್ವಾಲ್ ಯೋಚಿಸಿದ.
ಮೇಜಿನ ಮೇಲೊಂದು ಎಕ್ಕ ಬಿದ್ದಿತ್ತು, ಅದನ್ನೇ ನೋಡಿದ.
ತನ್ನ ಎಲೆಯ ಮೂಲೆಯನ್ನು ಇನ್ನೊಮ್ಮೆ ಎತ್ತಿದ,
ಅಷ್ಟರಲ್ಲಿ ರಾಣಿಯರು
ಎದ್ದು ಹೋಗಿರಬಹುದೇನೋ ಅನ್ನುವ ಹಾಗೆ.
ಅವಳ ಮುಖ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.
ತೊಂಬತ್ತೊಂದು ಸೆಕೆಂಡು.
ಎಸೆದ.

ಹತ್ತು ಸಾಕು, ನಗಾರಿ ಹಾಕು, ಅಂದ ಪಿಕರಿಂಗ್.
ಜನ ಚಾನೆಲ್ ಬದಲಿಸಿಬಿಡುತ್ತಾರೆ ನೆರಿಸ್,
ಜನರ ಹೆಬ್ಬೆರಳು ನಿನಗೆ ಗೊತ್ತಿಲ್ಲ.
ಹೂಂ ಅಂದೆ.
ಅವನು ಮನೆಗೆ ಹೋದ ಮೇಲೆ
ನಗಾರಿ ತೆಗೆದೆ. ಹಳದಿ ಅಂಕಿ ತೆಗೆದೆ.
ವ್ಯಾಖ್ಯಾನಕಾರನ ಬಾಯಿ ಮುಚ್ಚಿದೆ.
ಕಸದಿಂದ ಬಾಳೆಹಣ್ಣಿನವನನ್ನೂ ಹೆಕ್ಕಿ ತಂದೆ,
ಅರ್ಧ ಸುಲಿದು, ಕೈ ಹಾಗೇ ನಿಂತವನನ್ನು.
ತೊಂಬತ್ತೊಂದಕ್ಕೆ ತೊಂಬತ್ತೊಂದೂ ಇಟ್ಟೆ.
ಕೆಲಸ ಹೋದರೆ ಹೋಗಲಿ ಅಂತೇನಲ್ಲ,
ಹೋಗಲಿಕ್ಕಿಲ್ಲ ಅಂತ.

ಮೂರು ತಿಂಗಳ ಮೇಲೆ, ಗುರುವಾರ ರಾತ್ರಿ,
ಸ್ಪ್ಲಾಟ್ ಕಡೆಯ ಒಂದು ಪಬ್ಬಿನಲ್ಲಿ ಕೂತು ನೋಡಿದೆ,
ಪರದೆಯನ್ನಲ್ಲ, ಜನರನ್ನು.
ಬಿಯರ್ ಸುರಿಯುತ್ತಿದ್ದವಳು ನಲ್ಲಿ ಹಿಡಿದೇ ಮರೆತಳು,
ನೊರೆ ಲೋಟ ಮೀರಿ ಮಣಿಕಟ್ಟಿಗಿಳಿಯಿತು.
ಡಾರ್ಟ್ ಎಸೆಯಲಿದ್ದವನು ಎಸೆಯಲಿಲ್ಲ.
ಹಿಂದಿನ ಮೇಜಿನಲ್ಲಿ, ಒದ್ದೆ ಕೋಟಿನಲ್ಲಿ,
ಸಾಕ್ಷಾತ್ ಐಡ್ವಾಲ್.

ಅವಳ ಎಲೆ ಅವನಿಗೆ ಕಾಣುತ್ತಿರುವುದು
ಇದೇ ಮೊದಲು.
ಏಳು.
ಎರಡು.
ನಕ್ಕಾನೋ, ಎದ್ದು ಹೋದಾನೋ ಅಂತ ಕಾದೆ.
ಅವನು ಮುಂದೆ ಬಾಗಿ, ಸುಟ್ಟ ಚುಕ್ಕಿಯ ಕೈ ಎತ್ತಿ,
ಪರದೆಯೊಳಗಿನ ತನಗೇ ಗದರಿದ:
"ಎಸೀಬೇಡವೋ ಮುದುಕಾ! ಎಸೀಬೇಡ!"
ಇಡೀ ಪಬ್ಬು ಜೊತೆಗೂಡಿ ಕೂಗಿತು,
ಎಸೀಬೇಡ, ಎಸೀಬೇಡ.

ಎಸೆದಾಗಿ ಮೂರು ತಿಂಗಳು.
ಹಣ ಸಂದಾಯವಾಗಿತ್ತು, ಅವನಿಗಲ್ಲ.
ಆದರೂ ಎಂಬತ್ತೆಂಟನೇ ಸೆಕೆಂಡಿನಲ್ಲಿ,
ಕತ್ತರಿಸಿ ಕೂಡಿಸಿದವಳು ನಾನೇ,
ಒಂದೊಂದು ಚೌಕಟ್ಟನ್ನೂ ಬಲ್ಲವಳು,
ನನಗೂ ಅನ್ನಿಸಿತು,
ಈ ಸಲ ಎಸೆಯಲಾರ.