ನೂರು ವರ್ಷದ ಕೌದಿ

ಅರವತ್ತೇಳನೇ ಇಸವಿ. ನೆಬ್ರಾಸ್ಕಾ
ರಾಜ್ಯವಾಗಿ ನೂರು ತುಂಬಿತ್ತು.
ಊರ ಲೈಬ್ರರಿಯ ನೆಲಮಾಳಿಗೆಯಲ್ಲಿ
ಹನ್ನೆರಡು ಹೆಂಗಸರು, ಕಾಫಿ ಪಾತ್ರೆ, ಗುಂಡಿಯ ಡಬ್ಬಿ,
ಸೂಜಿಗೆ ದಾರ ಪೋಣಿಸಲು ಹತ್ತು ವರ್ಷದ ನನ್ನ ಕಣ್ಣು.

ಥೆಲ್ಮಾ ಕ್ರೌಟರ್ ಚೀಟಿ ಹಂಚಿದಳು:
ಒಬ್ಬಳಿಗೆ ರೈಲುಹಳಿ, ಒಬ್ಬಳಿಗೆ ರಾಜಧಾನಿಯ ಗೋಪುರ,
ಅದರ ತುದಿಯಲ್ಲಿ ಬೀಜ ಬಿತ್ತುವವನು.
ತಲೆಗೊಂದು ಗಳಿಗೆ. ಮರೆಯಬಾರದ್ದು.
ಅಚ್ಚುಕಟ್ಟಾಗಿರಲಿ, ಎಂದಳು.

ನನ್ನಜ್ಜಿ ವ್ಲಾಸ್ತಾಗೆ ಬಂದದ್ದು
‘ಉಚಿತ ಭೂಮಿ, ನೂರರವತ್ತು ಎಕರೆ.’
ಚೀಟಿಯನ್ನು ಮೂಗಿಗೆ ತಂದು, ದೂರ ಹಿಡಿದು,
‘ಉಚಿತ’ ಎಂದಳು,
ಎಲೆಕೋಸಿನಲ್ಲಿ ಹುಳು ಕಂಡವಳಂತೆ.

ಹೆಂಟೆಮಣ್ಣಿನ ಮನೆ ಹೊಲಿದಳು,
ತಾತನ ಹಳೇ ಕೋಟಿನ ಕಂದು ಬಟ್ಟೆಯಲ್ಲಿ.
ಸೂರಿನಿಂದ ಸಾರಿನ ಪಾತ್ರೆಗೆ ಹಾವು ಉದುರುತ್ತಿತ್ತಂತೆ;
ಅದಕ್ಕೂ ಒಂದೆಳೆ ಹಸಿರು ದಾರ.
ಆಮೇಲೆ ಮಿಡತೆ.
ಅಜ್ಜಿ ಹುಟ್ಟುವ ಮೊದಲಿನ ಮಾತು, ಅವರವ್ವ ಹೇಳಿದ್ದು:
ಸೂರ್ಯನಿಗೆ ಕಂಬಳಿ ಹೊದಿಸಿದ ಹಾಗೆ ಬಂದು
ಮೆಕ್ಕೆಜೋಳ ಮುಗಿಸಿ,
ಈರುಳ್ಳಿಯನ್ನು ನೆಲದೊಳಗೇ ತಿಂದು ಗುಳಿ ಉಳಿಸಿ,
ಬೆವರಿನುಪ್ಪಿಗೆ ಗುದ್ದಲಿಯ ಕಾವನ್ನೂ ಕಚ್ಚಿ,
ಅವ್ವನ ಲಂಗದ ಹಸಿರು ಪಟ್ಟೆಗಳನ್ನಷ್ಟೇ
ಆರಿಸಿ ತಿಂದವಂತೆ. ಬಿಳಿಯವು ಉಳಿದವು.
‘ಮರ್ಯಾದಸ್ಥ ಹುಳುಗಳು’ ಎಂದಳು ಅಜ್ಜಿ
ಹಲ್ಲಿನಿಂದ ದಾರ ಕಡಿಯುತ್ತ.

ಥೆಲ್ಮಾಗೆ ಮಿಡತೆ ಹಿಡಿಸಲಿಲ್ಲ.
ಗವರ್ನರ್ ಬರುತ್ತಾರೆ, ಎಂದಳು.

ಒಂದು ಗುರುವಾರ ಬಂದಳು ಆರ್ಡೆಲ್ ಗ್ರಾಂಟ್,
ಒಮಾಹಾ ಜನದವಳು.
ಕೌದಿಯ ಅಂಚನ್ನು ಗೇಣಿನಲ್ಲಿ ಅಳೆದು
‘ನೂರೇ ವರ್ಷವೆ?’ ಎಂದಳು.
ಯಾರೂ ತಲೆಯೆತ್ತಲಿಲ್ಲ. ಕಾಫಿ ಕುದಿಯುತ್ತಿತ್ತು.
‘ಈ ರಾಜ್ಯದ ಹೆಸರೇ ನಮ್ಮ ಮಾತು. ಚಪ್ಪಟೆ ನೀರು.’
ನೀಲಿಯ ತುಂಡೊಂದನ್ನು ನೀಟಾಗಿ ಹೊಲಿದು ಕೊಟ್ಟು
ಮತ್ತೆ ಬರಲಿಲ್ಲ.
ಅದು ಮೂಲೆಗೆ ಹೋಯಿತು.

ಕೊನೆಗೆ ಅಜ್ಜಿ ಬಿಳಿಯದೊಂದು ತುಂಡು ಕತ್ತರಿಸಿದಳು.
ಎಂಬತ್ತೆಂಟರ ಜನವರಿ, ಬೆಳಿಗ್ಗೆ ಎಳೆಬಿಸಿಲು,
ಮಕ್ಕಳು ಕೋಟಿಲ್ಲದೆ ಶಾಲೆಗೆ ಹೋದರು.
ಮಧ್ಯಾಹ್ನ ಗಾಳಿ ಮಗುಚಿತು.
ಹಿಟ್ಟಿನಂಥ ಹಿಮ; ಚಾಚಿದ ಕೈ ಚಾಚಿದವನಿಗೇ ಕಾಣದು.
ಅಕ್ಕ ಆನೆಷ್ಕಾಗೆ ಒಂಬತ್ತು.
ಶಾಲೆಗೂ ಮನೆಗೂ ನಡುವೆ ಒಂದು ಹೊಲ.
ಒಂದೇ ಹೊಲ.
ಅಪ್ಪ ಬಾಗಿಲಲ್ಲಿ ನಿಂತು ರಾತ್ರಿಯಿಡೀ
ಬೋಗುಣಿ ಬಡಿದ.
ಮೂರನೇ ದಿನ, ಬಣವೆಯ ಮಗ್ಗುಲಲ್ಲಿ,
ಮೊದಲು ಸ್ಲೇಟು ಸಿಕ್ಕಿತು.

‘ಇದಿನ್ನೂ ಮುಗಿದಿಲ್ಲವಲ್ಲ ವ್ಲಾಸ್ತಾ, ಬರೀ ಬಿಳಿ’
ಎಂದಳು ಥೆಲ್ಮಾ. ಅಜ್ಜಿ ಮಾತಾಡಲಿಲ್ಲ,
ನನ್ನ ಬೆರಳು ಹಿಡಿದು ಬಟ್ಟೆಯ ಮೇಲೆ ಎಳೆದಳು:
ಬಿಳಿಯ ಮೇಲೆ ಬಿಳಿ ದಾರ, ಪುಟ್ಟ ಪುಟ್ಟ ಹೆಜ್ಜೆ,
ಅಲ್ಲಲ್ಲೇ, ಸುತ್ತಿ ಸುತ್ತಿ.

ಈಗ ಕೌದಿ ಗಾಜಿನ ಹಿಂದಿದೆ.
ಮುಟ್ಟಬಾರದು.
ಕೆಳಗೆ ಅಚ್ಚಿನಕ್ಷರದ ಪಟ್ಟಿ:
ಸಾಲು ನಾಲ್ಕು, ತುಂಡು ಏಳು.
ಬಿಳಿ ಹತ್ತಿ. ಬಹುಶಃ ಅಪೂರ್ಣ.