ಸುಮ್ಕಿರಪ್ಪ

ನಾಲೆಗೆ ನೀರು ಬಿಟ್ಟ ಮೂರನೆಯ ರಾತ್ರಿ.
ಗುತ್ತಲು ದಾಟಿ, ಒಟ್ಲು ಹಾಕಿದ ಗದ್ದೆಯ ಬದುವಿನ ಮೇಲೆ
ಕೂತಿದ್ದೇನೆ, ಮಗಳ ಟಾರ್ಚು, ಮಗಳ ಫೋನು,
ಮಗಳ ಇನ್ನೂರು ಪುಟದ ನೋಟುಬುಕ್ಕು ಹಿಡಿದು.
ಗಂಬೂಟು ಮಾತ್ರ ನನ್ನವು, ಫ್ಯಾಕ್ಟರಿಯವು.

ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ಗಾಣಗಳು
ಕಬ್ಬಿನ ಜೊತೆ ನನ್ನ ಕಿವಿಯನ್ನೂ ಅರೆದವು.
ಹೆಂಡತಿ ಕರೆದರೆ ಕೇಳುವುದಿಲ್ಲ, ಗದರಿದರೆ ಕೇಳುತ್ತದೆ.
ಇಂಥವನು ಈಗ ಕಪ್ಪೆಗಳ ಹಾಜರಿ ತೆಗೆದುಕೊಳ್ಳುತ್ತೇನೆ.

ಹೆಪ್ಸಿಬಾ ಎಂದು ಹೆಸರಿಟ್ಟದ್ದು ಅವಳಜ್ಜಿ.
ಸ್ಕೂಲಿನ ಹುಡುಗರು ಕಪ್ಸಿಬಾ ಎಂದರು.
ಅತ್ತುಕೊಂಡು ಬರುತ್ತಾಳೆಂದು ಮಿಠಾಯಿ ಹಿಡಿದು ಕಾದರೆ
ಪುಸ್ತಕದ ರಟ್ಟಿನ ಮೇಲೆ ಅದನ್ನೇ ಬರೆದುಕೊಂಡಿದ್ದಳು,
ಹಸಿರು ಇಂಕಿನಲ್ಲಿ, ಕೆಳಗೊಂದು ಗೆರೆ ಎಳೆದು.

ಕಪ್ಪೆ ಎಂದರೆ ನನಗೆ ಭಾನುವಾರ ಶಾಲೆಯ ಪಾಠ:
ಐಗುಪ್ತದವರ ಹಾಸಿಗೆಗೆ, ಒಲೆಗೆ, ಹಿಟ್ಟು ನಾದುವ ಹರಿವಾಣಕ್ಕೆ
ನುಗ್ಗಿದ ಶಾಪ. ಅವಳಿಗೆ ಹೇಳಿದೆ ಕೂಡ.
"ಅವನ್ನೂ ಯಾರೋ ಕಳ್ಸಿದ್ದು ತಾನೆ?
ಹೇಳಿದ ಮಾತು ಕೇಳಿ ಬಂದ್ವು, ಪಾಪ.
ಸತ್ತು ರಾಶಿ ಬಿದ್ವು.
ಅವುಗಳ ಬಗ್ಗೆ ಯಾರೂ ಪ್ರಸಂಗ ಮಾಡಲ್ವಲ್ಲ?"
ಹನ್ನೊಂದು ವರ್ಷ ಆಗ. ನನ್ನ ಬಳಿ ಉತ್ತರವಿರಲಿಲ್ಲ.
ಈಗಲೂ ಇಲ್ಲ; ಪ್ರಶ್ನೆ ಬೇರೆಯಾಗಿದೆ.

ಹದಿನೇಳಕ್ಕೆ ಡೆಂಗಿ. ನಾಲ್ಕು ದಿನ
ಲ್ಯಾಬಿನ ಚೀಟಿಯಲ್ಲಿ ಅಂಕಿ ಇಳಿಯುತ್ತ ಹೋಯಿತು:
ಅರವತ್ತು ಸಾವಿರ, ಇಪ್ಪತ್ತೆರಡು, ಒಂಬತ್ತು.
ಸಭೆಯವರೆಲ್ಲ ಮೊಣಕಾಲೂರಿದರು.
ಸೊಳ್ಳೆ ತಿನ್ನುವ ಜೀವಗಳನ್ನು ಅಷ್ಟು ಪ್ರೀತಿಸಿದವಳನ್ನು
ಸೊಳ್ಳೆಯೇ...
ಇರಲಿ. ಅದನ್ನು ಬರೆಯಲಾರೆ.

ಒಳ್ಳೆಯ ಜಾಗದಲ್ಲಿದ್ದಾಳೆ ಎಂದರು ಅಯ್ಯನವರು.
ಅಲ್ಲಿ ಗದ್ದೆ ಇದೆಯಾ ಎಂದು ಕೇಳಿದೆ.
ಅವರು ಟೀ ಲೋಟ ಕೆಳಗಿಟ್ಟು
ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡರು. ಸಾಕಾಯಿತು.

ಏಳು ತಿಂಗಳಾದ ಮೇಲೆ ಬೀರು ತೆಗೆದೆ.
ಶಾಸ್ತ್ರದ ಉದ್ದುದ್ದ ಹೆಸರುಗಳ ಪಕ್ಕ ಅವಳಿಟ್ಟ ಹೆಸರು.
ಬಾಚಣಿಗೆ: ಹಲ್ಲಿನ ಮೇಲೆ ಉಗುರು ಎಳೆದ ಹಾಗೆ ಕೂಗುವುದು.
ಗೋಲಿ: ಎರಡು ಗೋಲಿ ತಾಗಿದ ಸದ್ದು.
ಅಯ್ಯನವರ ಕೆಮ್ಮು: ಇದು ಗೂಳಿಗಪ್ಪೆ, ಮಳೆ ಬಿದ್ದೊಡನೆ
ಮೈಗೆಲ್ಲ ಅರಿಶಿನ ಬಳಿದುಕೊಳ್ಳುವ ಮದುಮಗ.
ಕೊನೆಗೆ, ಪುಟದ ಅಂಚಿನಲ್ಲಿ:
ಸಣ್ಣದು. ಸೀಟಿ. ಅಪ್ಪನಿಗೆ ಕೇಳಿಸಲ್ಲ.

ಫೋನಿನಲ್ಲಿ ನಲವತ್ತಾರು ತುಣುಕು.
ಪ್ರತಿಯೊಂದರ ಮೊದಲು ಅವಳ ದನಿ:
ತಾರೀಕು, ಜಾಗ, ಗಾಳಿ ಇದೆ, ಗಾಳಿ ಇಲ್ಲ.
ಇಪ್ಪತ್ತನೆಯದರಲ್ಲಿ ನಾನೂ ಇದ್ದೇನೆ,
ಕರೆಯಲು ಬಂದವನು, ಬೀಗದ ಕೈ ಗಲಗಲಿಸುತ್ತ,
ಊಟ ಆರಿಹೋಯ್ತು ಎಂದು ಅರಚುತ್ತ.
ಆಗ ಅವಳು, ಪಿಸುದನಿಯಲ್ಲಿ:
"ಸುಮ್ಕಿರಪ್ಪ. ಬಂದೈತೆ."
ಆ ದಿನ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.
ಈಗ ಸೌಂಡು ಪೂರ್ತಿ ಏರಿಸಿ
ಕಿವಿಗೊತ್ತಿಕೊಂಡರೆ ಬೀಳುತ್ತದೆ.

ಅದಕ್ಕೇ ಬರುತ್ತೇನೆ, ಸುಮ್ಮನಿರಲು.
ಪ್ರಾರ್ಥನೆಯಲ್ಲಿ ನಾನು ಯಾವತ್ತೂ ಮಾತಿನವನೇ;
ಬೇಡಿದೆ, ಆಮೇಲೆ ಬೈದೆ, ಸಂಬಳದ ಚೀಟಿ ಹಿಡಿದವನಂತೆ
ಲೆಕ್ಕ ಕೇಳಿದೆ.
ಇಲ್ಲಿ ಬಾಯಿ ಮುಚ್ಚಿ ಹತ್ತು ನಿಮಿಷ ಕೂತರೆ
ಬಾಚಣಿಗೆ ಶುರು. ಹಿಂದೆಯೇ ಗೋಲಿ.
ಪಕ್ಕದ ಗದ್ದೆಯ ಕರಿಸಿದ್ದೇಗೌಡ ಮೊದಲ ವಾರ
ಕಳ್ಳನೆಂದು ದೊಣ್ಣೆ ತಂದಿದ್ದ.
ಈಗ "ಎಷ್ಟಾದೊ ಸಾರ್?" ಎನ್ನುತ್ತಾನೆ,
ನನಗಾಗಿ ಪಂಪ್‌ಸೆಟ್ಟು ಆರಿಸುತ್ತಾನೆ.

ಇವತ್ತು ಮೊದಲ ಸಲ, ಫೋನಿನ ಪರದೆಯ ಮೇಲೆ
ಮಲಗಿದ್ದ ಗೆರೆ ಸಟ್ಟನೆ ಎದ್ದಿತು,
ಮತ್ತೆ ಎದ್ದಿತು, ಚೂಪಾಗಿ, ಸಾಲಾಗಿ.
ಕಿವಿಗೆ ಏನೂ ಇಲ್ಲ. ಬರೀ ಕತ್ತಲು.
ಟಾರ್ಚು ಹಾಕಲಿಲ್ಲ, ಹೆದರಿಬಿಟ್ಟೀತು.
ತಡವಿ ತಡವಿ, ಅವಳ ಸಾಲಿನ ಕೆಳಗೆ
ನನ್ನ ದಪ್ಪ ಅಕ್ಷರದಲ್ಲಿ ಬರೆದೆ:
ಜುಲೈ ಹತ್ತೊಂಬತ್ತು. ಗುತ್ತಲು. ಗಾಳಿ ಇಲ್ಲ.
ಸಣ್ಣದು. ಇದೆ.

ಎಡಗಾಲಿನ ಬೂಟು ಸೋರುತ್ತಿದೆ.
ನಾಳೆ ಪಂಕ್ಚರ್ ಅಂಗಡಿಗೆ ಕೊಡಬೇಕು.